ಬಣ್ಣದಕ್ಕನ ಕಣ್ಣು

ಆ ಬೀದಿಯವರಿಗೆಲ್ಲ ಅವಳು ಬಣ್ಣದಕ್ಕ. ಹಾಗಂತ ಅವಳೇನು ಬಣ್ಣಬಣ್ಣದ ಬಟ್ಟೆ ತೊಡುವವಳಲ್ಲ. ಬೂದಿ ಬಣ್ಣದ ಎರಡು ಜೊತೆಯಲ್ಲೇ ವರ್ಷವನ್ನೆಲ್ಲ ಸವೆಸುತ್ತಿದ್ದಳು. ಮೈಮೇಲೆ ಕೆಂಪೋ ಹಳದಿಯೋ ಇದ್ದರೆ ಅದರ ಛಾಯೆ ಕೈಯಲ್ಲಿರುವ ಕಲ್ಲಿಗೆ ಹೊಡೆಯುತ್ತದೆ, ಆಗ ಕಲ್ಲು ಸುಳ್ಳು ಹೇಳುತ್ತದೆ ಎನ್ನುವುದು ಅವಳ ವಾದ. ಮದುವೆಮನೆಗೆ ಹೋಗುವಾಗಲೂ ಅದೇ ಬೂದಿ. ದರ್ಜಿ ಕೆಲಸ ಬಿಟ್ಟು ಮನೆಯಲ್ಲಿದ್ದ ಅವಳ ಗಂಡ, "ಮೋಡ ಕವಿದ ದಿನ ಇವಳನ್ನ ಹೊರಗೆ ಕಳಿಸಿದ್ರೆ ಹುಡುಕಿ ತರೋದು ಕಷ್ಟ" ಎಂದು ಬಂದವರೆದುರು ನಗೆಯಾಡುತ್ತಿದ್ದ.

ಅವಳ ಕೆಲಸ ಒಡವೆಗೆ ಕೂರಿಸುವ ಫಿರೋಜಾ ಕಲ್ಲನ್ನು ಬಣ್ಣ ನೋಡಿ ಆರಿಸುವುದು. ಮೂವತ್ತೊಂದು ವರ್ಷದಿಂದ ಒಂದೇ ಅಂಗಡಿ, ಒಂದೇ ಕಿಟಕಿ. ಉತ್ತರಕ್ಕೆ ಮುಖ ಮಾಡಿದ ಆ ಕಿಟಕಿಯಿಂದ ಬಿಸಿಲು ಒಳಗೆ ಬೀಳುವುದಿಲ್ಲ, ಬೆಳಕು ಮಾತ್ರ ಬರುತ್ತದೆ. ಮೇಜಿಗೆ ಬಿಳಿ ಬಟ್ಟೆ, ಅದರ ಮೇಲೆ ಏಳು ತಟ್ಟೆ. ಮೊದಲನೆಯದರಲ್ಲಿ ತಿಳಿ ಆಕಾಶದ ನೀಲಿ, ಏಳನೆಯದರಲ್ಲಿ ಎಳೆ ಎಲೆಯ ಹಸಿರು, ನಡುವೆ ಐದು ಮೆಟ್ಟಿಲು. ಗಣಿಯಿಂದ ಮೂಟೆಯಲ್ಲಿ ಬಂದ ಕಚ್ಚಾ ಕಲ್ಲುಗಳನ್ನು ಅವಳು ಮಾತಾಡುತ್ತಲೇ ಒಂದೊಂದಾಗಿ ಎತ್ತಿ ತಟ್ಟೆಗೆ ಹಾಕುತ್ತಿದ್ದಳು. ಹೊರಗಿನವರಿಗೆ ಮೂರನೇ ತಟ್ಟೆಗೂ ನಾಲ್ಕನೆಯದಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಅವಳ ಕೈ ಮಾತ್ರ ಒಮ್ಮೆಯೂ ತಡವರಿಸಿದ್ದಿಲ್ಲ.

ಬಣ್ಣವಷ್ಟೇ ಅಲ್ಲ, ಕಲ್ಲಿನ ಹುಟ್ಟುಗುಣವನ್ನೂ ಹೇಳುತ್ತಿದ್ದಳು. ಈ ವ್ಯಾಪಾರದಲ್ಲಿ ಮೋಸಕ್ಕೆ ಬರವಿಲ್ಲ. ಮೆತ್ತಗಿನ ಕಲ್ಲಿಗೆ ಅಂಟು ಕುಡಿಸಿ ಗಟ್ಟಿ ಮಾಡುತ್ತಾರೆ, ಬಿಳಿ ಕಲ್ಲಿಗೆ ನೀಲಿ ಹೊಡೆಯುತ್ತಾರೆ, ಪುಡಿಯನ್ನು ಒತ್ತಿ ಕಲ್ಲು ಎನ್ನುತ್ತಾರೆ. ಭೂಮಿಯಿಂದ ಹೇಗೆ ಬಂತೋ ಹಾಗೇ ಇರುವ ಕಲ್ಲು ನೂರಕ್ಕೆ ಒಂದೋ ಎರಡೋ. ಸಂಗ್ರಹ ಮಾಡುವವರೂ ಒಡವೆ ಮಾಡುವವರೂ ಆ ಅಂಗಡಿಗೆ ಹುಡುಕಿಕೊಂಡು ಬರುತ್ತಿದ್ದದ್ದು ಅದಕ್ಕೇ. ಬಣ್ಣದಕ್ಕ ಕಚ್ಚಾ ಕಲ್ಲನ್ನು ನಾಲಿಗೆಯ ತುದಿಗೆ ಮುಟ್ಟಿಸುವಳು. ಅಸಲಿ ಕಲ್ಲು ನಾಲಿಗೆಗೆ ತುಸು ಹಿಡಿದುಕೊಳ್ಳುತ್ತದೆ, ಅಂಟು ಕುಡಿದದ್ದು ಜಾರುತ್ತದೆ. ಅನುಮಾನವಿದ್ದರೆ ಕಾದ ಸೂಜಿ ತಾಗಿಸಿ, ಅಂಟು ಸುಟ್ಟ ವಾಸನೆ ಬರುತ್ತದೆಯೇ ಎಂದು ಮೂಸುವಳು. ಅವಳು "ಹುಂ" ಎಂದರೆ ಮುಗಿಯಿತು. ಅಂಗಡಿಯ ಯಜಮಾನನೂ ಎರಡನೇ ಮಾತು ಆಡುತ್ತಿರಲಿಲ್ಲ. ಅವನ ಅಪ್ಪನ ಕಾಲದಿಂದ ಇದ್ದವಳಲ್ಲವೇ! ಐವತ್ತು ದಾಟಿ ಹೊಟ್ಟೆ ಮುಂದೆ ಬಂದಿದ್ದರೂ ಅವಳ ಬಾಯಲ್ಲಿ ಅವನಿನ್ನೂ "ಚಿಕ್ಕ ಯಜಮಾನ್ರು".

ಭಯ ಶುರುವಾದದ್ದು ಒಂದು ಮಂಗಳವಾರ ಬೆಳಿಗ್ಗೆ. ಬಂದು ಕೂತು ನೋಡುತ್ತಾಳೆ, ಮೇಜಿನ ಬಟ್ಟೆ ಚಹಾ ಚೆಲ್ಲಿ ಒಗೆದ ಹಾಗಿದೆ.

"ಈ ಬಟ್ಟೆ ಬದಲಾಯಿಸಬಾರ್ದೇನಮ್ಮಾ?" ಎಂದು ಕಸ ಗುಡಿಸುವವಳನ್ನು ಕೇಳಿದಳು.

"ನಿನ್ನೆ ತಾನೇ ಹೊಸದು ಹಾಸಿದ್ದು ಅಕ್ಕಾ. ಹಾಲಿನ ಹಾಗಿದೆಯಲ್ಲ."

ಬಣ್ಣದಕ್ಕ ಬಟ್ಟೆಯನ್ನು ಬೆರಳಿನಿಂದ ಉಜ್ಜಿದಳು. ತಟ್ಟೆಗಳ ಕಡೆ ನೋಡಿದಳು. ಎರಡನೆಯದೂ ನಾಲ್ಕನೆಯದೂ ಅವಳಿ ಮಕ್ಕಳಂತೆ ಕೂತಿದ್ದವು. ಕಣ್ಣುಜ್ಜಿಕೊಂಡಳು. ಎದ್ದು ಕಿಟಕಿಯ ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿದಳು. ಗಾಜು ಸ್ವಚ್ಛವಾಗಿಯೇ ಇತ್ತು.

ಮನೆಯಲ್ಲಿ ಗಂಡನ ಮೇಲೆ ರೇಗಿದಳು. "ಬಿಳಿ ಅಂಗೀನ ಹೀಗಾ ಒಗೆಯೋದು? ಹಳದಿ ಹಿಡಿದಿದೆ." ಗಂಡ ಅಂಗಿಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿ, "ಆಯ್ತು ಕಣೇ, ಇನ್ನೊಂದ್ಸಲ ನೆನೆಹಾಕ್ತೀನಿ" ಎಂದ.

ಅದು ಏನೆಂದು ಅವಳಿಗೆ ಗೊತ್ತಿಲ್ಲದೆ ಇಲ್ಲ. ಕಣ್ಣಿನ ಪೊರೆ. ಅವಳ ಅಮ್ಮನಿಗೂ ಬಂದಿತ್ತು. ಯಾವುದೋ ಶಿಬಿರದಲ್ಲಿ ಆಪರೇಷನ್ ಮಾಡಿಸಿದರು, ಮೂರನೇ ದಿನ ಕಣ್ಣು ಕೀವು ಕಟ್ಟಿತು, ತಿಂಗಳೊಳಗೆ ಆ ಕಣ್ಣು ಹೋಯಿತು. ಇನ್ನೊಂದನ್ನು ಅಮ್ಮ ಯಾರಿಗೂ ಮುಟ್ಟಗೊಡಲಿಲ್ಲ, ಅದೂ ಮುಚ್ಚಿಕೊಂಡಿತು. ಕೊನೆಯ ಒಂಬತ್ತು ವರ್ಷ ಅಮ್ಮ ಅಡುಗೆಮನೆಯ ಗೋಡೆಗೆ ಒರಗಿ ಕೂತು, ಯಾರಾದರೂ ಹಾದುಹೋದರೆ "ಯಾರದು? ಯಾರದು?" ಎಂದು ಕೇಳುತ್ತಿದ್ದಳು. ಆ ದನಿ ಬಣ್ಣದಕ್ಕನ ಕಿವಿಯಿಂದ ಇಳಿದಿರಲಿಲ್ಲ. ಡಾಕ್ಟರ ಹತ್ತಿರ ಹೋಗುವುದೆಂದರೆ ಅವಳಿಗೆ ಆ ಗೋಡೆಯ ಹತ್ತಿರ ಹೋದಂತೆಯೇ. ಹೋಗಲಿಲ್ಲ.

ಅಲ್ಲಿಂದ ಎರಡು ವರ್ಷ ಅವಳು ಬದುಕಿದ್ದು ಮುಳ್ಳಿನ ಮೇಲೆ. ಕಲ್ಲು ಅಸಲಿಯೋ ನಕಲಿಯೋ ಎಂಬುದಕ್ಕೆ ನಾಲಿಗೆ ಇತ್ತು, ಸೂಜಿ ಇತ್ತು, ಅಂಗೈಯ ತೂಕ ಇತ್ತು. ಬಣ್ಣಕ್ಕೆ ಏನು ಮಾಡುವುದು? ಯಾವ ಗಣಿಯ ಯಾವ ಮೂಟೆ ಎಂದು ಕೇಳಿಕೊಂಡು, ಅಲ್ಲಿಯ ಕಲ್ಲು ಸಾಮಾನ್ಯವಾಗಿ ಎಂಥದ್ದು ಎಂಬ ನೆನಪಿನ ಮೇಲೆ ಅಂದಾಜು ಕಟ್ಟುತ್ತಿದ್ದಳು. ಅದೂ ಸಾಲದಾದಾಗ ಒಂದು ಉಪಾಯ ಕಂಡುಕೊಂಡಳು. ಬೆಳ್ಳಿ ಒಡವೆ ಮಾಡುವ ಹೆಂಗಸೊಬ್ಬಳು ವಾರಕ್ಕೊಮ್ಮೆ ಅಂಗಡಿಗೆ ಬರುತ್ತಿದ್ದಳು. ಅವಳ ಮುಂದೆ ಕಲ್ಲು ಹಿಡಿದು, ಪರೀಕ್ಷೆ ಮಾಡುವ ಗುರುವಿನ ಹಾಗೆ, "ಹೇಳು ನೋಡೋಣ, ಇದು ಯಾವ ತಟ್ಟೆಗೆ ಹೋಗ್ಬೇಕು?" ಎನ್ನುವಳು. ಬೆಳ್ಳಿಯವಳು ಕಣ್ಣು ಕಿರಿದು ಮಾಡಿ, "ಮೂರು... ಅಲ್ವಾ ಅಕ್ಕಾ?" ಎಂದರೆ, "ಪರವಾಗಿಲ್ಲ, ಕಲಿತಿದ್ದೀಯ" ಎಂದು ಮೂರಕ್ಕೆ ಹಾಕುವಳು. ಅಷ್ಟು ದೊಡ್ಡವರು ತನಗೆ ವಿದ್ಯೆ ಹೇಳಿಕೊಡುತ್ತಿದ್ದಾರೆಂದು ಬೆಳ್ಳಿಯವಳು ಹಿಗ್ಗಿ ಹೋಗುತ್ತಿದ್ದಳು. ಬಣ್ಣದಕ್ಕನ ಅಂಗೈ ಮೇಜಿನ ಕೆಳಗೆ ಬೆವರುತ್ತಿತ್ತು.

ಹೀಗಿರುವಾಗ ಆ ಬೆಳ್ಳಿಯವಳಿಗೇ ಒಂದು ಹಾರದ ಕೆಲಸ ಬಂತು. ಹನ್ನೊಂದು ಕಲ್ಲು, ಎಲ್ಲವೂ ಅಸಲಿ, ಎಲ್ಲವೂ ಮೊದಲನೇ ತಟ್ಟೆಯ ನೀಲಿ. ಬಣ್ಣದಕ್ಕ ಕಚ್ಚಾ ತುಂಡುಗಳನ್ನು ಆರಿಸಿ ಒಳಕೋಣೆಯ ಸಾಣೆಯಣ್ಣನಿಗೆ ಕೊಟ್ಟಳು. ಸಾಣೆಯಣ್ಣ ಎಂದರೆ ಕಲ್ಲು ಕೊಯ್ದು, ಸಾಣೆಗೆ ಹಿಡಿದು, ಗುಮ್ಮಟದಂತೆ ಉಬ್ಬಿಸಿ ಹೊಳಪು ಕೊಡುವವನು. ಮಿತಭಾಷಿ, ಹದಿನಾಲ್ಕು ವರ್ಷದಿಂದ ಅಲ್ಲೇ ದುಡಿಯುತ್ತಿದ್ದವನು. ಹೊಳಪಾಗಿ ಬಂದ ಹನ್ನೊಂದನ್ನೂ ಅವಳು ಕಿಟಕಿಯ ಬಳಿ ಸಾಲಾಗಿಟ್ಟು ನೋಡಿದಳು. ಎಲ್ಲ ಒಂದೇ ಥರ ಕಂಡವು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರಲ್ಲ, ಅವಳಿಗೆ ಎಲ್ಲವೂ ಒಂದೇ ಥರ ಕಾಣದೆ ಇನ್ನು ಹೇಗೆ ಕಂಡೀತು? ಅದು ಗೊತ್ತಿದ್ದೂ "ಹುಂ" ಎಂದಳು. ಬೆಳ್ಳಿಯವಳು ತನ್ನ ಕೋಣೆಯ ಹಳದಿ ದೀಪದ ಕೆಳಗೆ, ಅಕ್ಕ ನೋಡಿದ ಕಲ್ಲು ಎಂಬ ಧೈರ್ಯದಲ್ಲಿ, ಹನ್ನೊಂದನ್ನೂ ಕೂರಿಸಿ ಕೊಟ್ಟಳು.

ಹತ್ತು ದಿನಕ್ಕೆ ಹಾರ ವಾಪಸ್ಸು ಬಂತು. ಕೊಂಡವರು ಬಿಸಿಲಿಗೆ ಹಾಕಿಕೊಂಡು ಹೋಗಿದ್ದರಂತೆ, ನಾಲ್ಕು ಜನ ನೋಡಿ ನಕ್ಕರಂತೆ. ಒಂಬತ್ತು ಕಲ್ಲು ನೀಲಿ, ಎರಡು ಹಸಿರು. ಬೆಳ್ಳಿಯವಳ ಕಣ್ಣಲ್ಲಿ ನೀರಿತ್ತು.

ಚಿಕ್ಕ ಯಜಮಾನ ಹಾರವನ್ನು ಬಾಗಿಲ ಬಳಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಎಣ್ಣೆ ಕುಡಿದಿದೆ ಇದು" ಎಂದ. ಅದೇನೂ ಸುಮ್ಮನೆ ಆಡಿದ ಮಾತಲ್ಲ. ಏನನ್ನೂ ಕುಡಿಸದ ಫಿರೋಜಾ ಎಣ್ಣೆ ತಾಗಿದರೆ ಹೀರಿಕೊಂಡು ದಿನ ಕಳೆದಂತೆ ಹಸಿರಾಗುತ್ತದೆ. ಹೊಳಪು ಬೇಗ ಬರಲೆಂದು ಕೆಲವು ಸಾಣೆಯವರು ಕಳ್ಳತನದಲ್ಲಿ ಎಣ್ಣೆ ಸವರುವುದೂ ಉಂಟು.

"ಅಕ್ಕಾ, ನಿಮ್ಮ ಕೈಯಿಂದ ಹೋಗುವಾಗ ಹನ್ನೊಂದೂ ನೀಲೀನೇ ಇತ್ತಲ್ಲ?"

ಒಳಕೋಣೆಯ ಬಾಗಿಲಲ್ಲಿ ಸಾಣೆಯಣ್ಣ ಒದ್ದೆ ಕೈಯಲ್ಲೇ ಬಂದು ನಿಂತಿದ್ದ. ಬೆಳ್ಳಿಯವಳು ನೋಡುತ್ತಿದ್ದಳು. ಎಲ್ಲರೂ ಬಣ್ಣದಕ್ಕನ ಬಾಯಿಯನ್ನೇ ನೋಡುತ್ತಿದ್ದರು.

"ಹೂಂ" ಎಂದಳು. "ನೀಲೀನೇ ಇತ್ತು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಾಣೆಯಣ್ಣ, "ನಾನು ಎಣ್ಣೆ ಮುಟ್ಟಿಲ್ಲ ಯಜಮಾನ್ರೇ, ನೀರು ಬಿಟ್ರೆ ಬೇರೆ ಏನೂ ಮುಟ್ಟಿಲ್ಲ" ಎಂದ. ಮತ್ತೊಮ್ಮೆ ಅದನ್ನೇ ಹೇಳಿದ. ಮೂರನೇ ಸಲ ಹೇಳಲು ಹೋಗಿ ನಿಲ್ಲಿಸಿದ. ನಾಳೆಯಿಂದ ಬರಬೇಡ ಎಂದು ಚಿಕ್ಕ ಯಜಮಾನ ಹೇಳಿದಾಗ ಅವನು ಸಾಣೆಯ ಮೇಲೆ ಬಟ್ಟೆ ಹೊದಿಸಿ, ಕೈ ತೊಳೆದು, ಚಪ್ಪಲಿ ಹಾಕಿಕೊಂಡು ಹೋದ. ಬಣ್ಣದಕ್ಕ ತಟ್ಟೆಯಿಂದ ತಲೆಯೆತ್ತಲಿಲ್ಲ. ತಟ್ಟೆಯಲ್ಲಿದ್ದದ್ದು ಏನೆಂದೂ ಅವಳಿಗೆ ಕಾಣುತ್ತಿರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಅವನು ಬಸ್ ನಿಲ್ದಾಣದಲ್ಲಿ ಅವಳಿಗಾಗಿ ಕಾದಿದ್ದ.

"ಅಕ್ಕಾ, ನೀವೊಂದು ಮಾತು ಹೇಳಿದ್ರೆ ಅವರು ಕೇಳ್ತಾರೆ. ಆ ಎರಡರಲ್ಲಿ ಒಂದನ್ನ ನಡುವೆ ಕೊಯ್ದು ನೋಡಿ ಅಂತ ಹೇಳಿ. ಎಣ್ಣೆಯಿಂದ ಹಸಿರಾಗಿದ್ರೆ ಬರೀ ಮೇಲಿನ ಸಿಪ್ಪೆ ಹಸಿರಾಗಿರುತ್ತೆ, ಒಳಗೆ ನೀಲಿ ಇರುತ್ತೆ. ಹುಟ್ಟಿನಿಂದ್ಲೇ ಹಸಿರಾದ್ರೆ ಒಳಗೂ ಹಸಿರೇ. ನಿಮಗೆ ಗೊತ್ತಿಲ್ದೇ ಇರೋದಾ ಇದು?"

ಗೊತ್ತಿತ್ತು. ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ನಿನ್ನೆಯಿಂದ ಅವಳು ಬೇರೆ ಏನನ್ನೂ ಯೋಚಿಸಿರಲಿಲ್ಲ. ಕಲ್ಲು ಕೊಯ್ದರೆ ಅವನು ಉಳಿಯುತ್ತಾನೆ, ತಾನು ಮುಳುಗುತ್ತೇನೆ.

"ನೀವು ಆ ತುಂಡು ಕೊಟ್ಟಾಗ್ಲೇ ನನಗೆ ಸ್ವಲ್ಪ ಅನುಮಾನ ಬಂದಿತ್ತಕ್ಕಾ" ಎಂದ ಅವನು, ತಾನೇ ತಪ್ಪು ಮಾಡಿದವನಂತೆ. "ಆದ್ರೆ ಬಣ್ಣದಕ್ಕ ಕೊಟ್ಟಮೇಲೆ ಕೇಳೋಕೆ ನಾನ್ಯಾರು ಅಂದ್ಕೊಂಡೆ."

ಇವನಿಗೆ ಗೊತ್ತಿದೆಯೇ? ಗೊತ್ತಿದ್ದೇ ಹೀಗೆ ಮಾತಾಡುತ್ತಿದ್ದಾನೆಯೇ? ಬಸ್ಸು ಬಂತು. "ನೋಡೋಣ" ಎಂದಷ್ಟೇ ಹೇಳಿ ಹತ್ತಿದಳು. ಹತ್ತಿದ ಮೇಲೆ ಗೊತ್ತಾಯಿತು, ಅದು ಅವಳ ಬಸ್ಸಾಗಿರಲಿಲ್ಲ.

ಮೂರು ದಿನ ಅವಳಿಗೆ ಊಟ ಸೇರಲಿಲ್ಲ. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಬಾಗಿಲು ಸದ್ದಾದರೆ ಸಾಣೆಯಣ್ಣನೇ ಬಂದನೆಂದು ಬೆಚ್ಚುವಳು. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೆಸರು ಹೋಗುತ್ತದೆ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದು. ಒಮ್ಮೆ ಬಾಯಿಬಿಟ್ಟರೆ ಎಲ್ಲರೂ ಸೇರಿ ಅವಳನ್ನು ಆ ಆಪರೇಷನ್ ಮೇಜಿಗೆ ಮಲಗಿಸುತ್ತಾರೆ. ಆಮೇಲೆ ಕೀವು. ಆಮೇಲೆ ಅಡುಗೆಮನೆಯ ಗೋಡೆ. "ಯಾರದು? ಯಾರದು?"

ನಾಲ್ಕನೇ ದಿನ ಬೆಳಿಗ್ಗೆ ಚಹಾ ಲೋಟವನ್ನು ಗಂಡ ಅವಳ ಕೈಗೇ ಹಿಡಿಸಿ ಎದುರು ಕೂತ.

"ಏನಾಗಿದೆ ಹೇಳು."

"ಏನೂ ಇಲ್ಲ ರೀ."

"ನಿನ್ನ ಕಣ್ಣಿನ ವಿಷಯ ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ? ಮೆಟ್ಟಿಲ ತುದಿಗೆಲ್ಲ ಸುಣ್ಣದ ಗೆರೆ ಎಳೆದೋರು ಯಾರು? ಔಷಧಿ ಶೀಶೆಗಳಿಗೆ ಬೇರೆ ಬೇರೆ ದಾರ ಕಟ್ಟಿದ್ದು ಯಾಕೆ ಅಂತ ಒಂದಿನಾನಾದ್ರೂ ಕೇಳಿದ್ಯಾ? ಅಂಗಿ ಹಳದಿ ಅಂತ ನೀನು ಬೈದ ದಿನದಿಂದ್ಲೇ ಗೊತ್ತು ಕಣೇ."

ಬಣ್ಣದಕ್ಕ ಲೋಟ ಕೆಳಗಿಟ್ಟಳು. "ಮತ್ತೆ ಯಾಕೆ ಹೇಳ್ಲಿಲ್ಲ?"

"ನನಗೂ ಹೆದ್ರಿಕೆ" ಎಂದ ಅವನು. ಜೀವಮಾನವೆಲ್ಲ ತಮಾಷೆ ಮಾಡಿಕೊಂಡು ಬಂದವನ ಮುಖದಲ್ಲಿ ತಮಾಷೆಯ ಚೂರೂ ಇರಲಿಲ್ಲ. "ನಿಮ್ಮಮ್ಮನ್ನ ನಾನೂ ನೋಡಿದ್ದೀನಲ್ಲ."

ಆಗ ಅವಳಿಗೆ ಅಳು ಬಂತು. ಹಾರ, ಎಣ್ಣೆ, ಸಾಣೆಯಣ್ಣ, ತಾನಾಡಿದ ಸುಳ್ಳು, ಎಲ್ಲವನ್ನೂ ಹೇಳಿದಳು. ಗಂಡ ಕೊನೆಯವರೆಗೂ ಕೇಳಿಸಿಕೊಂಡ. "ನಿನ್ನ ಕಣ್ಣು ನಿನ್ನಿಷ್ಟ. ಆದ್ರೆ ಅವನ ಕೆಲಸ ಕಳೆಯೋ ಹಕ್ಕು ನಿನಗಿಲ್ಲ" ಎಂದು ಎದ್ದು ಹೋಗಿ ಚಪ್ಪಲಿ ಹಾಕಿಕೊಂಡ. "ನಡಿ, ನಾನೂ ಬರ್ತೀನಿ."

ಅಂಗಡಿಯಲ್ಲಿ ಬಣ್ಣದಕ್ಕ ಕೂರಲಿಲ್ಲ. ಕೂತರೆ ಮತ್ತೆ ಏಳಲಾರೆ ಎಂದು ಅವಳಿಗೆ ಗೊತ್ತಿತ್ತು.

"ಆ ಎರಡು ಕಲ್ಲಲ್ಲಿ ಒಂದನ್ನ ಕೊಯ್ಸಿ ಯಜಮಾನ್ರೇ."

"ಯಾಕಕ್ಕಾ? ಅದು ಮುಗಿದ ವಿಷಯ."

"ಕೊಯ್ಸಿ."

ಕೊಯ್ಯುವವನಿರಲಿಲ್ಲ. ಚಿಕ್ಕ ಯಜಮಾನ ಗೊಣಗುತ್ತ ತಾನೇ ಕಲ್ಲನ್ನು ಹಾರದಿಂದ ಬಿಡಿಸಿ ಗರಗಸದ ಚಕ್ರಕ್ಕೆ ಹಿಡಿದ. ನೀರು ಚಿಮ್ಮಿತು, ಕಲ್ಲು ಕಿರುಗುಟ್ಟಿತು. ಎರಡು ಹೋಳನ್ನು ಒರೆಸಿ ಕಿಟಕಿಗೆ ತಂದ.

"ಒಳಗೂ ಹಸಿರು" ಎಂದ.

"ಅದು ಹುಟ್ಟಿದ್ದೇ ಹಸಿರಾಗಿ. ಅವನದೇನೂ ತಪ್ಪಿಲ್ಲ. ಆರಿಸಿದ್ದು ನಾನು, ನೀಲಿ ಅಂದಿದ್ದೂ ನಾನು. ಆವತ್ತು ನೀವು ಕೇಳಿದಾಗ ಸುಳ್ಳು ಹೇಳಿದೆ. ನನಗೆ ನೀಲಿ ಕಾಣ್ತಿಲ್ಲ ಯಜಮಾನ್ರೇ. ಎರಡು ವರ್ಷ ಆಯ್ತು."

ಅವನು ಬೈಯುತ್ತಾನೆಂದು ಕಾದಳು. ಅವನು ಬೈಯಲಿಲ್ಲ. ಅದು ಇನ್ನೂ ಭಯಂಕರವಾಗಿತ್ತು. ಗೋಡೆಯ ಉದ್ದಕ್ಕೂ ಇದ್ದ ಕಪಾಟುಗಳನ್ನು, ಅವುಗಳಲ್ಲಿದ್ದ ನೂರಾರು ಸಣ್ಣ ಡಬ್ಬಿಗಳನ್ನು ನೋಡುತ್ತ ನಿಂತ. "ಎರಡು ವರ್ಷ" ಎಂದ. "ಎಷ್ಟು ಮನೆಗೆ ಹೋಗಿದೆ ಅಕ್ಕಾ, ನಮ್ಮ ಕಲ್ಲು?" ಆಮೇಲೆ ಬೆಳ್ಳಿಯವಳಿಗೆ ಒಂದು ಮಾತು, ಹಾರದವರಿಗೆ ಒಂದು ಮಾತು ಹೇಳಿ ಕಳಿಸಿ, ತಾನೇ ಹೊರಟು ಸಾಣೆಯಣ್ಣನ ಮನೆಗೆ ಹೋದ. ಹೋಗುವ ಮುನ್ನ ಅವಳಿಗೆ, "ಮೊದ್ಲು ಕಣ್ಣು ಮಾಡಿಸ್ಕೊಂಡು ಬನ್ನಿ, ಈ ಎರಡು ವರ್ಷದ್ದನ್ನೆಲ್ಲ ನೀವೇ ಮತ್ತೆ ಆರಿಸ್ಬೇಕು" ಎಂದ.

ಮುಂದಿನ ತಿಂಗಳು ಅವಳ ಬಲಗಣ್ಣಿನ ಆಪರೇಷನ್. ಹಿಂದಿನ ದಿನವೆಲ್ಲ ಮನೆಯ ಒಂದೊಂದು ವಸ್ತುವನ್ನೂ ಮುಟ್ಟಿ ಮುಟ್ಟಿ ನೋಡಿಕೊಂಡಳು. ಒಲೆ ಎಷ್ಟು ದೂರ, ನೀರು ಎಲ್ಲಿ, ಬಾಗಿಲ ಚಿಲಕ ಎಷ್ಟು ಎತ್ತರ. ಕುರುಡಿಯಾದ ಮೇಲೆ ಬೇಕಾಗುತ್ತದೆ ಎಂದೇ ಅವಳ ಮನಸ್ಸು ಲೆಕ್ಕ ಹಾಕಿತ್ತು. ಮೇಜಿನ ಮೇಲೆ ಮಲಗಿದಾಗ ಎದೆ ಎಷ್ಟು ಬಡಿದುಕೊಂಡಿತೆಂದರೆ ಡಾಕ್ಟರಮ್ಮ ಕೈಯಲ್ಲಿದ್ದುದನ್ನು ಕೆಳಗಿಟ್ಟು, "ಹೆದರ್ಬೇಡಿ ಅಮ್ಮಾ, ಮೊದ್ಲು ಉಸಿರಾಡಿ" ಎಂದು ಕಾದರು. ಕಣ್ಣೊಳಗೆ ಏನೋ ನೀರು ಅಲುಗಾಡಿದಂತಾಯಿತು, ಬೆಳಕು ಒಡೆದು ಚೂರುಚೂರಾಯಿತು. ಅಷ್ಟೇ. ಮುಗಿಯಿತು ಎಂದಾಗ ಅವಳು ನಂಬಲಿಲ್ಲ. ಮಾರನೇ ದಿನ ಪಟ್ಟಿ ಬಿಚ್ಚುವಾಗಲೂ ನಂಬಲಿಲ್ಲ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಕೂತಳು.

"ಬಿಡಮ್ಮಾ ಕಣ್ಣು" ಎಂದಳು ನರ್ಸು.

ಬಿಟ್ಟಳು. ಎದುರು ನರ್ಸಿನ ಬಿಳಿ ಬಟ್ಟೆ ಕಣ್ಣು ಕೋರೈಸುವಷ್ಟು ಬೆಳ್ಳಗಿತ್ತು. ಕಿಟಕಿಯಾಚೆ ಆಕಾಶ. ಅವಳು ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದಳು: ಹಳೇ ಚಹಾ. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದಳು: ನೀಲಿ. ಹೀಗೆ ನಾಲ್ಕಾರು ಸಲ. ಪಕ್ಕದಲ್ಲಿದ್ದ ಗಂಡ, "ಯಾರಿಗೆ ಕಣ್ಣು ಹೊಡೀತಿದ್ದೀಯೇ?" ಎಂದ.

ಆದರೆ ಅಂಗಡಿಗೆ ಮರಳಿದ ದಿನ ಸಂತೋಷ ಇಳಿದುಹೋಯಿತು. ಎರಡು ವರ್ಷದಲ್ಲಿ ತಾನು ತುಂಬಿಸಿದ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಬಿಳಿ ಬಟ್ಟೆಯ ಮೇಲೆ ಸುರಿದಳು. ನೀಲಿಯಲ್ಲಿ ಹಸಿರು, ಹಸಿರಲ್ಲಿ ನೀಲಿ. ಅದಕ್ಕಿಂತ ಕೆಟ್ಟದ್ದೊಂದಿತ್ತು. ಅಸಲಿ ಎಂದು ಅವಳು ಬರೆದಿಟ್ಟ ಒಂದು ಡಬ್ಬಿಯಲ್ಲಿ ಮೂರು ಕಲ್ಲುಗಳ ಸಣ್ಣ ಬಿರುಕುಗಳಲ್ಲಿ ನೀಲಿ ಗಾಢವಾಗಿ ಕೂತಿತ್ತು. ಬಣ್ಣ ಹಾಕಿದ್ದು. ನಾಲಿಗೆಗೆ ಹಿಡಿದಿತ್ತು, ಸೂಜಿಗೆ ವಾಸನೆ ಬಂದಿರಲಿಲ್ಲ, ಕಣ್ಣು ಮಾತ್ರ ಹೇಳಬೇಕಾಗಿತ್ತು. ಆ ಮೂಟೆಯ ಇನ್ನೆರಡು ಕಲ್ಲು ಎಲ್ಲಿಗೆ ಹೋಗಿವೆ ಎಂಬುದು ಅವಳಿಗೆ ನೆನಪಿತ್ತು.

ಹೋಗಿದ್ದು ಒಬ್ಬ ನಿವೃತ್ತ ಮೇಷ್ಟ್ರ ಮನೆಗೆ. ಒಂಟಿ ಜೀವ, ನಲವತ್ತು ವರ್ಷದಿಂದ ಅಸಲಿ ಫಿರೋಜಾ ಕೂಡಿಸುತ್ತಿದ್ದವರು. ಬಣ್ಣದಕ್ಕ ಚಿಕ್ಕ ಯಜಮಾನನ ಜೊತೆ ಹೋಗಿ ವಿಷಯ ಹೇಳಿದಾಗ ಮೇಷ್ಟ್ರು ಕಪಾಟಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು.

"ಬೇಡಮ್ಮಾ. ಯಾವುದು ಅಂತ ಹೇಳ್ಬೇಡಿ. ನನ್ನ ಪಾಲಿಗೆ ಎಲ್ಲಾ ಅಸಲೀನೇ ಇರ್ಲಿ."

"ಮೇಷ್ಟ್ರೇ, ನಾನೂ ಹೀಗೇ ಎರಡು ವರ್ಷ ಕೂತಿದ್ದೆ. ಗೊತ್ತಾಗೋದು ಬೇಡ ಅಂತ. ಆಗ ಪ್ರತಿ ದಿನಾನೂ ಹೆದ್ರಿಕೆ. ನೀವೂ ಇನ್ಮೇಲೆ ಈ ಕಪಾಟು ತೆಗೆದಾಗೆಲ್ಲ ಒಂದೊಂದು ಕಲ್ಲನ್ನೂ ಅನುಮಾನದಿಂದ್ಲೇ ನೋಡ್ತೀರಿ."

ಮೇಷ್ಟ್ರು ತಿರುಗಿ ಕಪಾಟನ್ನೊಮ್ಮೆ ನೋಡಿದರು. ಆಮೇಲೆ ಬೀಗದ ಕೈ ಅವಳ ಕೈಗೆ ಕೊಟ್ಟು, ತಾವು ಬೀದಿ ಕಡೆಯ ಕುರ್ಚಿಯಲ್ಲಿ ಹೋಗಿ ಕೂತರು. ಎರಡು ಕಲ್ಲನ್ನು ಅವಳು ತೆಗೆದಳು. ಉಳಿದ ನೂರಾ ಆರೂ ಸರಿಯಾಗಿದ್ದವು. ಮೇಷ್ಟ್ರು ಅವಳಿಗೆ ನೀರನ್ನೂ ಕೊಡಲಿಲ್ಲ, ಆದರೆ ಮುಂದಿನ ವರ್ಷ ಒಂದು ಕಲ್ಲು ಕೊಳ್ಳಲು ಅಂಗಡಿಗೆ ಬಂದರು.

ಸಾಣೆಯಣ್ಣ ಕೆಲಸಕ್ಕೆ ಮರಳಿದ. ಅವಳು ಅವನ ಮನೆಗೇ ಹೋಗಿ ತಪ್ಪಾಯಿತೆಂದು ಹೇಳಿದ್ದಳು; ಅವನು "ಆಯ್ತು" ಎಂದಿದ್ದ. ಆದರೆ ಅಕ್ಕ ಎನ್ನುವುದನ್ನು ಬಿಟ್ಟ. ಕಲ್ಲನ್ನು ಅವಳ ಕೈಗೆ ಕೊಡದೆ ಮೇಜಿನ ತುದಿಗಿಟ್ಟು ಹೋಗುತ್ತಿದ್ದ. ಅದನ್ನು ಅವಳು ಕೇಳಲಿಲ್ಲ, ಕೇಳುವ ಹಕ್ಕು ತನಗಿಲ್ಲ ಎಂದು ಅವಳಿಗೆ ತಿಳಿದಿತ್ತು. ಈಗ ಅಂಗಡಿಯಲ್ಲಿ ಒಂದು ಕಲ್ಲನ್ನು ಇಬ್ಬರು ನೋಡಬೇಕು. ಅವಳೇ ಹಟ ಹಿಡಿದು ಮಾಡಿಸಿದ ಕಟ್ಟಳೆ. ಎರಡನೆಯ ಕಣ್ಣು ಬೆಳ್ಳಿಯವಳದು. ಎರಡು ವರ್ಷ ತನಗೆ ತಿಳಿಯದೆಯೇ ಕಲಿತಿದ್ದಳಲ್ಲ, ಚೆನ್ನಾಗಿಯೇ ಕಲಿತಿದ್ದಳು.

ಆರು ತಿಂಗಳ ಮೇಲೆ ಎಡಗಣ್ಣಿನ ಸರದಿ ಬಂತು. ಒಂದು ಕಣ್ಣು ಗೆದ್ದವಳು ಇನ್ನೊಂದಕ್ಕೆ ಹೆದರುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಹೆದರಿಕೆ ಮೊದಲಿನಷ್ಟೇ ದೊಡ್ಡದಾಗಿ ಬಂದು ಎದೆಯ ಮೇಲೆ ಕೂತಿತು. ಪಕ್ಕದಲ್ಲಿ ಅವಳ ವಯಸ್ಸಿನ ಇನ್ನೊಬ್ಬ ಹೆಂಗಸು ಬಟ್ಟೆಯ ಚುಂಗನ್ನು ಹಿಂಡುತ್ತಿದ್ದಳು.

"ನಿಮ್ಮದು ಒಂದು ಆಗಿದೆಯಂತೆ. ನೋವಾಗುತ್ತಾ?" ಎಂದು ಆಕೆ ಮೆಲ್ಲಗೆ ಕೇಳಿದಳು.

"ನೋವಿಲ್ಲ ತಾಯಿ" ಎಂದಳು ಬಣ್ಣದಕ್ಕ. "ಹೆದ್ರಿಕೆ ಇದೆ. ಅದು ಕೊನೇವರೆಗೂ ಇರುತ್ತೆ. ನನ್ನ ಕೈ ಮುಟ್ಟಿ ನೋಡಿ, ಹೇಗಿದೆ."

ಆಕೆ ಮುಟ್ಟಿದಳು. ಇಬ್ಬರ ಕೈಯೂ ಮಂಜಿನ ಹಾಗಿತ್ತು. ನರ್ಸು ಬಾಗಿಲು ತೆರೆದು ಕರೆಯುವವರೆಗೂ ಆ ಕೈಗಳನ್ನು ಇಬ್ಬರೂ ಬಿಡಲಿಲ್ಲ. ಆಮೇಲೆ ಬಣ್ಣದಕ್ಕ ಎದ್ದು ಒಳಗೆ ಹೋದಳು.